ಮದ್ದಿಗೆ ಮಣಿಯದ ಸೋಂಕು: ಸಾಂಗ್ಲಿ, ಮಿರಜ

ಲೈಂಗಿಕ ಸಂಪರ್ಕದಿಂದ ಹರಡುವ ಗೊನೋರಿಯಾದ ರೋಗಾಣು ಒಂದೊಂದು ಮದ್ದನ್ನೂ ಸೋಲಿಸುತ್ತ ಬಂದಿದೆ. 1930ರ ದಶಕದ ಸಲ್ಫಾ ಗುಳಿಗೆ ಹತ್ತು ವರ್ಷದೊಳಗೇ ನಿಷ್ಪ್ರಯೋಜಕವಾಯಿತು. ಪೆನಿಸಿಲಿನ್ನನ್ನೇ ಒಡೆಯುವ ಕಿಣ್ವವುಳ್ಳ ತಳಿ 1976ರಲ್ಲಿ ಗೊತ್ತಾಯಿತು. ಆಮೇಲೆ ಸಿಪ್ರೊಫ್ಲಾಕ್ಸಾಸಿನ್ನೂ ಸೋತಿತು. ಇನ್ನೊಂದು ಲೈಂಗಿಕ ಸೋಂಕಾದ ಸಿಫಿಲಿಸ್‌ಗೆ ಮಾತ್ರ ಪೆನಿಸಿಲಿನ್ ಇಂದಿಗೂ ನಾಟುತ್ತದೆ.

ಇಂಥ ಸೋಂಕಿನ ಅಪಾಯ ಹೆಚ್ಚಿರುವುದು ಲೈಂಗಿಕ ದಂಧೆಯಲ್ಲಿರುವವರಿಗೆ. ಮಹಾರಾಷ್ಟ್ರದ ಸಾಂಗ್ಲಿಯ ಗೋಕುಲನಗರದಲ್ಲಿ, ಮಿರಜದ ಓಣಿಗಳಲ್ಲಿ ಈ ದಂಧೆ ಮಾಡುವ ಹೆಂಗಸರಲ್ಲಿ ಗಡಿಯಾಚೆಯ ಕನ್ನಡ ಊರುಗಳಿಂದ ಬಂದ ದೇವದಾಸಿಯರು ಅನೇಕರು. 1992ರಲ್ಲಿ ಸಂಗ್ರಾಮ್ ಸಂಸ್ಥೆ ಇವರ ನಡುವೆ ಕೆಲಸಕ್ಕಿಳಿಯಿತು; 1996ರಲ್ಲಿ ಹೆಂಗಸರೇ ಸೇರಿ ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್ ಕಟ್ಟಿದರು. ಅವರೇ ಕಾಂಡೋಮ್ ಹಂಚಿದರು. ಸೋಂಕೇ ತಗಲದಿದ್ದರೆ ಮದ್ದು ಸವೆಯುವ ಮಾತಿಲ್ಲ. ಆ ಲೆಕ್ಕದಲ್ಲಿ ಇದು ದೊಡ್ಡ ಕೆಲಸ.

ಸೋಂಕು ತಗಲಿದರೆ, ಸರಕಾರಿ ಚಿಕಿತ್ಸಾಲಯಗಳಲ್ಲಿ ಪರೀಕ್ಷೆಗೆ ಕಾಯದೆ, ಲಕ್ಷಣ ನೋಡಿಯೇ ಬೂದು ಬಣ್ಣದ ಮದ್ದಿನ ಕಿಟ್ ಕೊಡುತ್ತಾರೆ: ಅಜಿತ್ರೊಮೈಸಿನ್ 1 ಗ್ರಾಂ, ಸೆಫಿಕ್ಸಿಮ್ 400 ಮಿಲಿಗ್ರಾಂ, ಒಂದೇ ಸಲಕ್ಕೆ. ಚಿಕಿತ್ಸೆ ಬೇಗ ಸಿಗುತ್ತದೆ. ಯಾವ ತಳಿ ಯಾವ ಮದ್ದಿಗೆ ಮಣಿಯದು ಎಂಬುದು ಮಾತ್ರ ತಿಳಿಯುವುದಿಲ್ಲ.