ಮಾರ್ಚಿನ ಬಿಯರು, ದಸರೆಯ ರುಚಿ

ಹೆಸರಿನಲ್ಲಿ ಮಾರ್ಚ್ ತಿಂಗಳಿದೆ, ಕುಡಿಯುವುದು ಮಾತ್ರ ನಮ್ಮ ದಸರೆಯ ಹೊತ್ತಿಗೆ. ಬವೇರಿಯಾದ ಮೆರ್ಟ್ಸನ್ ಬಿಯರಿಗೆ ಈ ವಿಚಿತ್ರ ಹೆಸರು ಬರಲು ಒಂದು ಕಾನೂನು ಕಾರಣ. 1553ರಲ್ಲಿ ಅಲ್ಲಿನ ದೊರೆ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರ ತನಕ ಬಿಯರು ತಯಾರಿಸುವುದನ್ನೇ ನಿಲ್ಲಿಸಿದ. ಬೇಸಿಗೆಯಲ್ಲಿ ಹುದುಗಿಸಿದ್ದು ಹುಳಿಯಾಗಿ ಕೆಡುತ್ತಿತ್ತು. ಒಲೆಗಳಿಂದ ಊರಿಗೆ ಬೆಂಕಿ ಬೀಳುವ ಭಯವೂ ಇತ್ತು. ಹಾಗಾಗಿ ಮಾರ್ಚಿನಲ್ಲಿ ತುಸು ಗಟ್ಟಿಯಾದ ಬಿಯರು ಮಾಡಿ ತಂಪು ನೆಲಮಾಳಿಗೆಗಳಲ್ಲಿ ಇಡತೊಡಗಿದರು. ಮುಂದೆ ಕೆರೆಗಳಿಂದ ಕಡಿದು ತಂದ ಮಂಜುಗಡ್ಡೆಯೂ ಮಾಳಿಗೆ ಸೇರಿತು. ಶರತ್ಕಾಲ ಬಂತೆಂದರೆ ಉಳಿದದ್ದನ್ನೆಲ್ಲ ಮುಗಿಸಬೇಕು, ಹೊಸದಕ್ಕೆ ಪೀಪಾಯಿ ಬೇಕಲ್ಲ!

ಮ್ಯೂನಿಕ್ಕಿನ ಅಕ್ಟೋಬರ್ ಜಾತ್ರೆ ಶುರುವಾದದ್ದು 1810ರಲ್ಲಿ, ರಾಜಕುಮಾರನ ಮದುವೆಯ ಕುದುರೆ ಓಟದಿಂದ. ಈ ಕೆಂಪುಕಂದು ಬಿಯರು ಅಲ್ಲಿ ಹೆಸರಾದದ್ದು 1872ರಲ್ಲಿ. ಮರುವರ್ಷವೇ ಅದೇ ಊರಿನ ಸ್ಪಾಟನ್ ಬ್ರೂವರಿಯಲ್ಲಿ ಕಾರ್ಲ್ ಲಿಂಡೆ ತಂಪು ಮಾಡುವ ಯಂತ್ರ ಹೂಡಿದ. ಮಾರ್ಚಿಗಾಗಿ ಕಾಯುವ ಅಗತ್ಯ ಅಲ್ಲಿಂದ ಮುಂದೆ ಕರಗುತ್ತ ಹೋಯಿತು, ಹೆಸರು ಉಳಿಯಿತು. ಇಂದು ಅಲ್ಲಿನ ಡೇರೆಗಳಲ್ಲಿ ಸುರಿಯುವುದು ಹೆಚ್ಚಾಗಿ ತಿಳಿಹಳದಿ ಬಿಯರು. ನನಗೆ ಹಳೆಯದೇ ಇಷ್ಟ.

ಅದರ ರುಚಿ ಹೇಳಲು ಕನ್ನಡದಲ್ಲಿ ಮಾತಿಲ್ಲ ಎನ್ನುವವರು ವಡಗಾವಿಯಿಂದ ಹೊರಟು ಬೆಳಗಾವಿ ಪೇಟೆಯ ಯಾವುದಾದರೂ ಮಿಠಾಯಿ ಅಂಗಡಿಗೆ ಹೋಗಬೇಕು. ಹಾಲನ್ನು ಕಂದುಬಣ್ಣ ಬರುವ ತನಕ ಕಾಯಿಸಿ ಮಾಡುವ ಕುಂದಾದ ಘಮವನ್ನು ನೆನಪಿಡಿ. ಮೊಳಕೆ ಬರಿಸಿ ಬಿಸಿಗಾಳಿಯಲ್ಲಿ ಒಣಗಿಸಿದ ಮ್ಯೂನಿಕ್ ಬಾರ್ಲಿಯಲ್ಲಿರುವುದು ಅದರ ದಾಯಾದಿ ಘಮ. ಸಕ್ಕರೆ, ಪ್ರೋಟೀನು ಬಿಸಿಗೆ ಕಂದುಗಟ್ಟುವ ಈ ಕ್ರಿಯೆಯನ್ನು ಫ್ರಾನ್ಸಿನ ಲೂಯಿ ಮೈಯಾರ್ 1912ರಲ್ಲಿ ವಿವರಿಸಿದ. ಆದರೆ ಬಿಯರು ಕುಂದಾದಷ್ಟು ಸಿಹಿಯಲ್ಲ. ಮೊದಲು ಸುಟ್ಟ ರೊಟ್ಟಿಯ ಅಂಚು, ಕೊನೆಗೆ ಹಾಪ್ಸ್ ಹೂವಿನ ಸಣ್ಣ ಕಹಿ, ಬಾಯಿ ಒಣಗಿದಂತೆ ಮುಗಿತಾಯ.

ಇಲ್ಲಿಯ ಕ್ಯಾಂಪಿನಲ್ಲಿ ಗೋರಾ ಸಿಪಾಯಿಗಳಿದ್ದ ಕಾಲದಿಂದಲೂ ಬಿಯರು ಊರಿಗೆ ಅಪರಿಚಿತವೇನಲ್ಲ. ಅದನ್ನು ರುಚಿಯ ವಿಷಯವಾಗಿ ಮಾತಾಡುವುದು ಮಾತ್ರ ಹೊಸದು, ಮತ್ತು ಆ ಮಾತು ಎಲ್ಲರಿಗೂ ಸಮನಾಗಿ ಸಿಕ್ಕಿಲ್ಲ. 2007ರ ಜುಲೈ 1ರಂದು ಕರ್ನಾಟಕ ಸಾರಾಯಿ ನಿಷೇಧಿಸಿತು. ಕುಡಿತದಿಂದ ಮನೆ ಹಾಳಾದ ಹೆಂಗಸರ ಕಣ್ಣೀರು ಅದರ ಹಿಂದಿತ್ತು, ಅದನ್ನು ಹಗುರ ಮಾಡಲಾರೆ. ನಾಲ್ಕೈದು ವರ್ಷಗಳಲ್ಲೇ ಬೆಂಗಳೂರಿನಲ್ಲಿ ಸ್ಥಳದಲ್ಲೇ ಬಿಯರು ತಯಾರಿಸುವ ಪಬ್ಬುಗಳು ತೆರೆದವು. ಕೂಲಿಯವನದು ಚಟ, ಪಬ್ಬಿನವನದು ಅಭಿರುಚಿ ಎಂಬ ಲೆಕ್ಕ ಯಾರು ಬರೆದದ್ದು?

ಮೆರ್ಟ್ಸನ್ ಸಿಕ್ಕರೆ ಫ್ರಿಜ್ಜಿನಿಂದ ತೆಗೆದು ಹತ್ತು ನಿಮಿಷ ಬಿಡಿ. ಅತಿ ತಣ್ಣಗಿದ್ದರೆ ಆ ಘಮ ಏಳುವುದಿಲ್ಲ.