ಗಾಳಿಗೊಂದು ಗಾಜು: ಬೈಕಿನ ವಿಂಡ್‌ಶೀಲ್ಡ್ ನಡೆದು ಬಂದ ದಾರಿ

ದೂರದೂರಕ್ಕೆ ಬೈಕ್ ಓಡಿಸೋರಲ್ಲಿ ಎರಡು ಪಂಗಡ. ಮುಂದೆ ವಿಂಡ್‌ಶೀಲ್ಡ್ ಇಲ್ಲದೆ ಊರು ಬಿಡೋದೇ ಇಲ್ಲ ಅನ್ನೋರದ್ದು ಒಂದು. "ಗಾಳಿ ಬೇಡ ಅಂದ್ರೆ ಕಾರಲ್ಲೇ ಹೋಗಬಹುದಿತ್ತಲ್ಲ" ಅಂತ ನಗೋರದ್ದು ಇನ್ನೊಂದು. ನಾನಿರೋ ಇಲಿನಾಯ್ ರಾಜ್ಯದಲ್ಲಿ ಮೊದಲನೇ ಪಂಗಡದವರೇ ಜಾಸ್ತಿ ಕಣ್ಣಿಗೆ ಬೀಳ್ತಾರೆ. ಕಾರಣ ಸರಳ. ಇಲ್ಲಿ ರಸ್ತೆ ಅಂದ್ರೆ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ. ಎರಡೂ ಕಡೆ ಮೆಕ್ಕೆಜೋಳ, ಸೋಯಾ. ಗಾಳಿಗೆ ಅಡ್ಡ ನಿಲ್ಲೋಕೆ ಒಂದು ಗುಡ್ಡ ಇಲ್ಲ. ಮಜಾ ಏನಂದ್ರೆ, ಈ ವಿಂಡ್‌ಶೀಲ್ಡಿನ ಇತಿಹಾಸದ ದೊಡ್ಡ ಅಧ್ಯಾಯವೊಂದು ನಡೆದಿದ್ದು ಇದೇ ಬಯಲಿನಲ್ಲಿ. ಅಲ್ಲಿಗೆ ಬರೋ ಮುಂಚೆ ಸ್ವಲ್ಪ ಲೆಕ್ಕ ನೋಡೋಣ, ಇಂಜಿನಿಯರ್ ಬುದ್ಧಿ ಬಿಡಲ್ಲ.

ವೇಗ ಎರಡು ಪಟ್ಟಾದರೆ ಗಾಳಿ ನಮ್ಮನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತೆ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಹಿತವಾಗಿ ಮುಖ ಸವರುವ ಗಾಳಿಯೇ 100 ಕಿ.ಮೀ.ಗೆ ಬಂದಾಗ ಎದೆ ಮೇಲೆ ಕೈಯಿಟ್ಟು ಹಿಂದಕ್ಕೆ ದಬ್ಬೋಕೆ ಶುರು ಮಾಡುತ್ತೆ. ಆಗ ಸವಾರ ಹ್ಯಾಂಡಲ್ ಹಿಡಿದು ಓಡಿಸೋದಲ್ಲ, ಹ್ಯಾಂಡಲ್ಲಿಗೆ ಜೋತು ಬಿದ್ದಿರ್ತಾನೆ. ಹತ್ತು ನಿಮಿಷಕ್ಕೆ ಇದೇನೂ ಅಲ್ಲ. ಆರು ಗಂಟೆ ಆದ ಮೇಲೆ ಕುತ್ತಿಗೆ, ಭುಜ, ಮಣಿಕಟ್ಟು ಎಲ್ಲ ಲೆಕ್ಕ ಒಪ್ಪಿಸುತ್ತವೆ. ಚಳಿಯದ್ದು ಬೇರೆ ಕಥೆ. ಹವಾಮಾನದವರ ಸೂತ್ರದ ಪ್ರಕಾರ ಸೊನ್ನೆ ಡಿಗ್ರಿ ಇರುವಾಗ 100 ಕಿ.ಮೀ. ವೇಗದ ಗಾಳಿಗೆ ಮೈಯೊಡ್ಡಿದರೆ ಚರ್ಮಕ್ಕೆ ಅದು ಸುಮಾರು ಮೈನಸ್ ಹತ್ತರ ಹಾಗೆ ಅನ್ನಿಸುತ್ತೆ. ಬೆರಳು ಮರಗಟ್ಟಿದ ಮೇಲೆ ಬ್ರೇಕ್ ಹಿಡಿಯೋದು ಹೇಗೆ? ಹಾಗಾಗಿ ಇದು ಬರೀ ಸುಖದ ಪ್ರಶ್ನೆ ಅಲ್ಲ.

ಮೊದಲ ಕಾಲದ ಸವಾರರಿಗೆ ಇದ್ದ ಮದ್ದು ಎಂದರೆ ತೊಗಲಿನ ಕೋಟು, ಕನ್ನಡಕ, ದಪ್ಪ ಕೈಗವಸು. ಕೆಲವರು ಸೆಲ್ಯುಲಾಯ್ಡ್ ಹಾಳೆಯನ್ನು ಚೌಕಟ್ಟಿಗೆ ಕಟ್ಟಿ ಮುಂದೆ ನಿಲ್ಲಿಸಿಕೊಳ್ಳುತ್ತಿದ್ದರು. ಸೆಲ್ಯುಲಾಯ್ಡ್ ಬಿಸಿಲಿಗೆ ಹಳದಿಯಾಗುತ್ತೆ, ಬಿರುಕು ಬಿಡುತ್ತೆ, ಬೆಂಕಿ ತಾಗಿದರೆ ಭಗ್ಗನೆ ಉರಿಯುತ್ತೆ. ನಿಜವಾದ ಗಾಜು ಹಾಕಿದರೆ ಬಿದ್ದಾಗ ಅದೇ ಕತ್ತು ಕೊಯ್ಯಬಹುದು. ದಾರಿ ತೆರೆದಿದ್ದು ಅಕ್ರಿಲಿಕ್. ಜರ್ಮನಿಯ ಓಟ್ಟೋ ರೋಮ್ 1933ರಲ್ಲಿ ಪ್ಲೆಕ್ಸಿಗ್ಲಾಸ್ ಅನ್ನೋ ಹೆಸರು ನೋಂದಾಯಿಸಿದ. ಎರಡನೇ ಮಹಾಯುದ್ಧದಲ್ಲಿ ಇದೇ ವಸ್ತು ಯುದ್ಧವಿಮಾನಗಳ ಮೇಲಿನ ಪಾರದರ್ಶಕ ಗುಮ್ಮಟವಾಯಿತು. ಯುದ್ಧ ಮುಗಿದ ಮೇಲೆ ಅಮೆರಿಕದ ಪೊಲೀಸರ ಬೈಕುಗಳ ಮುಂದೆ ಎದೆಯೆತ್ತರದ ಪ್ಲಾಸ್ಟಿಕ್ ಪರದೆ ಮಾಮೂಲಾಯಿತು. ಮುಂದೆ 1953ರಲ್ಲಿ ಜರ್ಮನಿಯ ಬಾಯರ್ ಮತ್ತು ಅಮೆರಿಕದ ಜನರಲ್ ಎಲೆಕ್ಟ್ರಿಕ್, ಒಂದಕ್ಕೊಂದು ಗೊತ್ತಿಲ್ಲದ ಹಾಗೆ, ಒಂದೇ ವರ್ಷ ಪಾಲಿಕಾರ್ಬನೇಟ್ ಕಂಡುಹಿಡಿದವು. ಕಲ್ಲು ಬಡಿದರೂ ಸುಲಭಕ್ಕೆ ಒಡೆಯದ ವಸ್ತು ಅದು. ಹಾಗಾಗಿ ನಾವು ಬಾಯ್ತುಂಬ "ಗಾಜು" ಅನ್ನೋ ಇದರಲ್ಲಿ ಗಾಜಿನ ಚೂರೂ ಇಲ್ಲ!

ಗಾಳಿಯನ್ನು ಗಂಭೀರವಾಗಿ ಅಭ್ಯಾಸ ಮಾಡಿದ್ದು ಮಾತ್ರ ದೂರ ಹೋಗೋರಲ್ಲ, ರೇಸಿನವರು. ಇಟಲಿಯ ಕೋಮೋ ಸರೋವರದ ದಡದಲ್ಲಿ ಮಾಂಡೆಲ್ಲೋ ಅನ್ನೋ ಊರಿದೆ, ಮೋಟೋ ಗುಝಿ ಕಂಪನಿಯ ತವರು. 1950ರಲ್ಲಿ ಅವರು ಕಾರ್ಖಾನೆಯ ಒಳಗೇ ಗಾಳಿ ಸುರಂಗ ಕಟ್ಟಿದರು. ಸಣ್ಣ ಮಾದರಿ ಅಲ್ಲ, ಪೂರ್ತಿ ಬೈಕನ್ನು ಸವಾರನ ಸಮೇತ ನಿಲ್ಲಿಸಿ ಗಾಳಿ ಹಾಯಿಸುವಷ್ಟು ದೊಡ್ಡದು. ಅಲ್ಲಿಂದ ಬಂದಿದ್ದು ಮುಂದಿನ ಚಕ್ರವನ್ನೂ ಮುಚ್ಚಿಬಿಡುವ ದೊಡ್ಡ ಕವಚ. ಇಂಗ್ಲಿಷಿನವರು ಅದಕ್ಕೆ "ಡಸ್ಟ್‌ಬಿನ್" ಅಂತ ಅಡ್ಡಹೆಸರಿಟ್ಟರು. ಕಸದ ಡಬ್ಬದ ಥರ ಕಂಡರೂ ಕೆಲಸ ಮಾಡ್ತಿತ್ತು. ಗುಝಿಯ ಎಂಟು ಸಿಲಿಂಡರಿನ 500 ಸಿಸಿ ಬೈಕು 1957ರ ಹೊತ್ತಿಗೆ ಗಂಟೆಗೆ ಸುಮಾರು 275 ಕಿ.ಮೀ. ಮುಟ್ಟಿತ್ತು. ತೊಂದರೆ ಇದ್ದಿದ್ದು ಅಡ್ಡಗಾಳಿಯದ್ದು. ಅಷ್ಟು ದೊಡ್ಡ ಪಕ್ಕೆಗೆ ಗಾಳಿ ಬಡಿದರೆ ಬೈಕು ಹಾಯಿ ದೋಣಿ ಆಗಿಬಿಡುತ್ತಿತ್ತು. 1958ರಿಂದ ಅಂತರರಾಷ್ಟ್ರೀಯ ಮೋಟರ್‌ಸೈಕಲ್ ಒಕ್ಕೂಟ ಡಸ್ಟ್‌ಬಿನ್‌ಗಳನ್ನು ರೇಸಿನಿಂದ ನಿಷೇಧಿಸಿತು.

ಇಲ್ಲಿ ಒಂದು ವಿಷಯ ಗಮನಿಸಿ. ರೇಸಿನವರ ಉದ್ದೇಶ ಬೈಕು ಗಾಳಿಯನ್ನು ಸೀಳಬೇಕು ಅನ್ನೋದು. ಸವಾರ ಟ್ಯಾಂಕಿನ ಮೇಲೆ ಹಲ್ಲಿಯ ಹಾಗೆ ಮಲಗಿರ್ತಾನೆ, ಅವನ ಸುಖ ಕೇಳೋರಿಲ್ಲ. ದೂರ ಹೋಗೋನು ಬೆನ್ನು ನೆಟ್ಟಗೆ ಮಾಡಿ ಕೂರಬೇಕು. ಹಾಗೆ ಕೂತ ಮನುಷ್ಯನಿಗೆ ರೇಸಿನ ಕವಚ ಅರ್ಧ ಮಾತ್ರ ಪ್ರಯೋಜನ. ಇದನ್ನು ಮೊದಲೇ ಅರ್ಥ ಮಾಡಿಕೊಂಡಿದ್ದು ಇಂಗ್ಲೆಂಡಿನ ವಿನ್ಸೆಂಟ್ ಕಂಪನಿ. 1954ರಲ್ಲಿ ಅವರು ತೋರಿಸಿದ ಬ್ಲ್ಯಾಕ್ ಪ್ರಿನ್ಸ್‌ನಲ್ಲಿ ಇಂಜಿನ್, ಸವಾರನ ಕಾಲು ಎಲ್ಲ ಫೈಬರ್‌ಗ್ಲಾಸ್ ಹೊದಿಕೆಯ ಹಿಂದೆ, ಮೇಲೆ ವಿಂಡ್‌ಶೀಲ್ಡ್. ಸೂಟು ಹಾಕಿಕೊಂಡು ದೂರ ಹೋಗಬಹುದಾದ ಬೈಕು! ಆದರೆ ವಿನ್ಸೆಂಟ್ ಇಂಜಿನ್ ಕಾಣದಿದ್ದರೆ ವಿನ್ಸೆಂಟ್ ಯಾಕೆ ಕೊಳ್ಳಬೇಕು ಅನ್ನೋದು ಅಭಿಮಾನಿಗಳ ಸಂಕಟ. 1955ರ ಕೊನೆಗೆ ಕಂಪನಿ ಬೈಕು ಮಾಡೋದನ್ನೇ ನಿಲ್ಲಿಸಿತು. ಚೆಂದದ ಕಲ್ಪನೆ, ಕೆಟ್ಟ ಗಳಿಗೆ.

ಈಗ ನಮ್ಮ ಬಯಲಿಗೆ ಬರೋಣ. ಷಿಕಾಗೋದಿಂದ ಹೆದ್ದಾರಿ 57 ಹಿಡಿದು ದಕ್ಷಿಣಕ್ಕೆ ಹೊರಟರೆ ಶಾಂಪೇನ್ ಸಿಗೋ ಮುಂಚೆ ರಾಂಟೂಲ್ ಅನ್ನೋ ಸಣ್ಣ ಊರು ಬರುತ್ತೆ. 1993ರವರೆಗೆ ಇಲ್ಲೊಂದು ವಾಯುಪಡೆಯ ನೆಲೆ ಇತ್ತು. ಪಕ್ಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಕೈಗಾರಿಕಾ ವಿನ್ಯಾಸ ಓದಿದ ಕ್ರೇಗ್ ವೆಟ್ಟರ್ ಅನ್ನೋ ಹುಡುಗ ಅರವತ್ತರ ದಶಕದಲ್ಲಿ ಫೇರಿಂಗ್ ಮಾಡೋಕೆ ಶುರು ಮಾಡಿದ. ಫೇರಿಂಗ್ ಅಂದ್ರೆ ವಿಂಡ್‌ಶೀಲ್ಡಿನ ಜೊತೆಗೆ ಕೈ, ಮಂಡಿ ಎಲ್ಲ ಮರೆಯಾಗೋ ಹಾಗೆ ಮುಂಭಾಗಕ್ಕೆ ಹಾಕುವ ಕವಚ. ನಮ್ಮ ಕಾಲದಲ್ಲಾದರೆ ಗ್ಯಾರೇಜ್ ಸ್ಟಾರ್ಟಪ್ ಅಂತ ಬರೀತಿದ್ರು. ಟ್ರಯಂಫ್ ಹರಿಕೇನ್ ಅನ್ನೋ ಸುಂದರಿ ಬೈಕಿನ ವಿನ್ಯಾಸವೂ ಇದೇ ಮನುಷ್ಯನದ್ದು.

1971ರಲ್ಲಿ ವೆಟ್ಟರ್ ವಿಂಡ್‌ಜಾಮರ್ ಅನ್ನೋ ಫೇರಿಂಗ್ ತಂದ. ಗಾಳಿಯನ್ನೇ ನಂಬಿ ಸಾಗರ ದಾಟುತ್ತಿದ್ದ ದೊಡ್ಡ ಹಾಯಿ ಹಡಗುಗಳ ಹೆಸರು ಅದು, ಗಾಳಿ ತಡೆಯೋ ಸಾಮಾನಿಗೆ ಇಟ್ಟಿದ್ದಾನೆ ನೋಡಿ. ಅವನ ಜಾಣತನ ಇದ್ದಿದ್ದು ಗಾಜಿನಲ್ಲಲ್ಲ, ಗಾಜನ್ನು ಹಿಡಿದು ನಿಲ್ಲಿಸೋ ಕಬ್ಬಿಣದಲ್ಲಿ. ಕವಚ ಎಲ್ಲ ಬೈಕಿಗೂ ಒಂದೇ. ಬೈಕಿಗೆ ಜೋಡಿಸೋ ಬ್ರಾಕೆಟ್ ಮಾತ್ರ ಮಾದರಿಗೊಂದು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ ಕೋಡ್ ಒಂದೇ, ಅಡಾಪ್ಟರ್ ಬೇರೆ ಬೇರೆ. ಅಂಗಡಿಯವನು ಕವಚಗಳ ಒಂದು ರಾಶಿ ಇಟ್ಟುಕೊಂಡರೆ ಸಾಕು, ಹೋಂಡಾ ಬರಲಿ, ಕವಾಸಾಕಿ ಬರಲಿ, ಜೋಡಿಸಿ ಕಳಿಸಬಹುದು. ಅದು ಹ್ಯಾಂಡಲ್ಲಿಗಲ್ಲ, ಬೈಕಿನ ಚೌಕಟ್ಟಿಗೇ ಕೂರುತ್ತಿತ್ತು. ಹಾಗಾಗಿ ಗಾಳಿ ಗಾಜನ್ನು ಅಲ್ಲಾಡಿಸಿದರೆ ಹ್ಯಾಂಡಲ್ ಅಲ್ಲಾಡ್ತಿರಲಿಲ್ಲ. ಹೆಡ್‌ಲೈಟೂ ಅದರೊಳಗೇ, ಸಣ್ಣಪುಟ್ಟ ಸಾಮಾನು ಇಡೋಕೆ ಜೇಬೂ ಉಂಟು.

ದೊಡ್ಡ ಕಂಪನಿಗಳು ಆಗ ಏನು ಮಾಡ್ತಿದ್ವು? ಹಾರ್ಲೆ 1969ರಲ್ಲೇ ಬಾವಲಿ ರೆಕ್ಕೆ ಆಕಾರದ ಫೇರಿಂಗ್ ಕೊಟ್ಟಿತ್ತು, ಆದರೆ ಅದು ಮುಂದಿನ ಫೋರ್ಕಿಗೆ ಅಂಟಿಕೊಂಡು ಹ್ಯಾಂಡಲ್ ಜೊತೆ ತಿರುಗುತ್ತಿತ್ತು. 1974ರ ಕೊನೆಗೆ ಕೊಲೋನ್ ಪ್ರದರ್ಶನದಲ್ಲಿ ಹೋಂಡಾ ತನ್ನ ಗೋಲ್ಡ್‌ವಿಂಗ್ ತೋರಿಸಿತು. ನಾಲ್ಕು ಸಿಲಿಂಡರ್, ಸಾವಿರ ಸಿಸಿ, ನೀರಿನಿಂದ ತಂಪಾಗುವ ಇಂಜಿನ್, ದೇಶ ಸುತ್ತೋಕೆ ಹೇಳಿ ಮಾಡಿಸಿದ ಹಾಗಿದೆ. ಮುಂದೆ ಗಾಳಿ ತಡೆಯೋಕೆ ಮಾತ್ರ ಏನೂ ಇಲ್ಲ! ಕೊಂಡೋರು ಸೀದಾ ಹೋಗಿ ವಿಂಡ್‌ಜಾಮರ್ ಹಾಕಿಸಿಕೊಂಡರು. ಬಿಎಂಡಬ್ಲ್ಯು ಬೇಗ ಎಚ್ಚೆತ್ತುಕೊಂಡಿತು. ಪಿನಿನ್‌ಫರೀನಾದ ಗಾಳಿ ಸುರಂಗದಲ್ಲಿ ತಿದ್ದಿ ತೀಡಿದ ಪೂರ್ತಿ ಫೇರಿಂಗಿನ ಆರ್ 100 ಆರ್‌ಎಸ್ 1976ರಲ್ಲಿ ಬಂತು. ವೆಟ್ಟರ್ 1978ರಲ್ಲಿ ಕಂಪನಿ ಮಾರಿ ಹೊರಬಂದ. 1980ರಲ್ಲಿ ಹೋಂಡಾ ಕೊನೆಗೂ ಗೋಲ್ಡ್‌ವಿಂಗ್ ಇಂಟರ್‌ಸ್ಟೇಟ್ ತಂದಿತು, ಫೇರಿಂಗು, ಪಕ್ಕದ ಪೆಟ್ಟಿಗೆ ಎಲ್ಲ ಕಾರ್ಖಾನೆಯದ್ದೇ. ಬೇರೆಯವರ ಅಂಗಡಿಗೆ ಹೋಗಿ ದುಡ್ಡು ಸುರಿಯುತ್ತಿದ್ದ ತಮ್ಮದೇ ಗಿರಾಕಿಗಳನ್ನು ಐದು ವರ್ಷ ನೋಡಿದ ಮೇಲೆ! ನನ್ನ ಪ್ರಕಾರ ಟೂರಿಂಗ್ ಬೈಕ್ ಅನ್ನೋ ಜಾತಿಯನ್ನು ಹುಟ್ಟಿಸಿದ್ದು ಬೈಕ್ ಕಂಪನಿಗಳಿಗಿಂತ ಹೆಚ್ಚಾಗಿ ರಾಂಟೂಲಿನಂಥ ಊರಿನ ಈ ಬಿಡಿಭಾಗದವರು.

ಇಷ್ಟೆಲ್ಲ ಆದರೂ ಒಂದು ಕಗ್ಗಂಟು ಹಾಗೇ ಉಳಿದಿದೆ, ಅದು ಕಿವಿಯದ್ದು. ಗಾಜಿನ ಮೇಲಂಚು ದಾಟಿದ ಗಾಳಿ ಸುಮ್ಮನೆ ಮೇಲೆ ಹೋಗಲ್ಲ. ಗಾಜಿನ ಹಿಂದೆ ಗಾಳಿಯ ಒತ್ತಡ ಕಡಿಮೆ ಇರುತ್ತೆ, ಆ ಜಾಗ ತುಂಬೋಕೆ ಮೇಲಿನ ಗಾಳಿ ಸುಳಿ ಸುಳಿಯಾಗಿ ಒಳಗೆ ಮುರಿದುಕೊಳ್ಳುತ್ತೆ. ಆ ಸುಳಿ ಎಲ್ಲಿ ಬಡಿಯುತ್ತೆ? ಸರಿಯಾಗಿ ಹೆಲ್ಮೆಟ್ಟಿಗೆ. ಎದೆಗೆ ಸುಖ, ತಲೆಗೆ ಡೊಳ್ಳು ಕುಣಿತ. ಅಳತೆ ಮಾಡಿದವರ ಲೆಕ್ಕದಲ್ಲಿ ಹೆಲ್ಮೆಟ್ ಒಳಗಿನ ಗಾಳಿ ಸದ್ದು 60 ಕಿ.ಮೀ. ವೇಗದಲ್ಲೇ ಸುಮಾರು 90 ಡೆಸಿಬಲ್, 160ಕ್ಕೆ 110ರ ಹತ್ತಿರ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ 100 ಡೆಸಿಬಲ್ ಸದ್ದಿಗೆ ಹಾಕಿರೋ ದಿನದ ಮಿತಿ ಬರೀ 15 ನಿಮಿಷ. ಹೋದ ಕಿವಿ ವಾಪಸ್ ಬರಲ್ಲ. ಎತ್ತರ ಸರಿಯಿಲ್ಲದ ಗಾಜಿಗಿಂತ ಗಾಜೇ ಇಲ್ಲದ ಬೈಕಿನ ನೇರ ಗಾಳಿಯಲ್ಲಿ ಸದ್ದು ಕಡಿಮೆ ಇರೋದೂ ಉಂಟು. ಗಾಳಿ ಬೇಡ ಅನ್ನೋದಲ್ಲ ಇಲ್ಲಿ ಲೆಕ್ಕ, ಕದಡದ ಗಾಳಿ ಬೇಕು ಅನ್ನೋದು. ಅದಕ್ಕೇ ಈಗಿನ ಗಾಜುಗಳ ಬುಡದಲ್ಲಿ ಸಂದು ಬಿಟ್ಟಿರ್ತಾರೆ. ಅಲ್ಲಿಂದ ಒಳಗೆ ನುಗ್ಗುವ ಸ್ವಲ್ಪ ಗಾಳಿ ಹಿಂದಿನ ಖಾಲಿ ಜಾಗ ತುಂಬಿ ಸುಳಿಯನ್ನು ತಗ್ಗಿಸುತ್ತೆ. ತೊಂಬತ್ತರ ದಶಕದ ಬಿಎಂಡಬ್ಲ್ಯು ಕೆ 1100 ಎಲ್‌ಟಿಯಲ್ಲಿ ಗುಂಡಿ ಒತ್ತಿದರೆ ಗಾಜು ಮೇಲೆ ಕೆಳಗೆ ಆಗೋ ವ್ಯವಸ್ಥೆಯೇ ಬಂತು. ಏನೇ ಬಂದರೂ ಕಿವಿಗೆ ಇಯರ್‌ಪ್ಲಗ್ ಹಾಕ್ಕೊಳ್ಳಿ ಮಾರಾಯ್ರೆ, ಅದಕ್ಕಿಂತ ಅಗ್ಗದ ಮದ್ದು ಇಲ್ಲ.

ನಮ್ಮೂರಲ್ಲಿ ವಿಂಡ್‌ಶೀಲ್ಡ್ ಅಂದ್ರೆ ಹಳೇ ಚೇತಕ್ ಸ್ಕೂಟರಿನ ಮುಂದೆ ನಿಲ್ಲಿಸಿದ ಪ್ಲಾಸ್ಟಿಕ್ ಹಾಳೆ. ಅದನ್ನು ನೋಡಿದ್ರೆ ಬ್ಯಾಂಕ್ ಮ್ಯಾನೇಜರ್, ಹೈಸ್ಕೂಲ್ ಮೇಷ್ಟ್ರು ನೆನಪಾಗ್ತಾರೆಯೇ ಹೊರತು ದೂರ ಪಯಣ ಅಲ್ಲ. ಅದಕ್ಕೆ ಕಾರಣ ನಮ್ಮ ರಸ್ತೆ. ಗುಂಡಿ ತಪ್ಪಿಸಿಕೊಂಡು ನಲವತ್ತು, ಐವತ್ತರಲ್ಲಿ ಹೋಗೋನಿಗೆ ಗಾಳಿ ಸಮಸ್ಯೆಯೇ ಅಲ್ಲ, ಬೇಸಿಗೆಯಲ್ಲಿ ಅದೇ ಉಪಕಾರ. ಚತುಷ್ಪಥ ಹೆದ್ದಾರಿಗಳು ಬಂದ ಮೇಲೆ ಲೆಕ್ಕ ಬದಲಾಯ್ತು. ಬೆಂಗಳೂರಿಂದ ತುಮಕೂರು, ಚಿತ್ರದುರ್ಗ ದಾಟಿ ಹುಬ್ಬಳ್ಳಿವರೆಗೆ ಎಂಬತ್ತು, ತೊಂಬತ್ತರಲ್ಲಿ ಹೋಗೋನಿಗೆ ಇಲಿನಾಯ್ ಸವಾರನ ಕಷ್ಟವೇ ಬಂತು. ರಾಯಲ್ ಎನ್‌ಫೀಲ್ಡ್ 2016ರಲ್ಲಿ ಹಿಮಾಲಯನ್ ತಂದಾಗ ಸಣ್ಣದೊಂದು ವಿಂಡ್‌ಸ್ಕ್ರೀನ್ ಕಾರ್ಖಾನೆಯಿಂದಲೇ ಬಂತು.

ಹಾಕಿಸೋರಿಗೆ ಒಂದು ಮಾತು. ನೆಟ್ಟಗೆ ಕೂತಾಗ ಗಾಜಿನ ಮೇಲಂಚು ನಿಮ್ಮ ಮೂಗಿನ ಮಟ್ಟಕ್ಕೆ ಬರಲಿ. ರಸ್ತೆ ಗಾಜಿನ ಮೇಲಿಂದ ಕಾಣಬೇಕು, ಗಾಜಿನ ಮೂಲಕ ಅಲ್ಲ. ರಾತ್ರಿ ಮಳೆಯಲ್ಲಿ ಎದುರಿನ ಲಾರಿ ಲೈಟು ಹಾಕ್ಕೊಂಡು ಬಂದಾಗ ಇದು ಯಾಕೆ ಅಂತ ತಾನಾಗೇ ಗೊತ್ತಾಗುತ್ತೆ: ಹನಿ ಒರೆಸೋಕೆ ಬೈಕಿನ ಗಾಜಿಗೆ ವೈಪರ್ ಇರಲ್ಲ.