ಮೇಲಣ ಹಾಸಿಗೆಯ ಬೆಲೆ

ರಾತ್ರಿಯ ರೈಲಿನಲ್ಲಿ ಮಲಗುವ ಸ್ಥಳಕ್ಕೆ ಹಣ ತೆರುವವನು ಕೊಳ್ಳುವುದು ಏನನ್ನು? ಆರಡಿಯ ಹಲಗೆಯನ್ನೋ, ಅದರ ಮೇಲಿರುವ ಬರಿಯ ಅವಕಾಶವನ್ನೂ ಸೇರಿಸಿಯೋ? ವಿನೋದದ ಮಾತೆಂದು ತೋರುವ ಈ ಪ್ರಶ್ನೆಯು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಒಮ್ಮೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು.

ಆ ದೇಶದಲ್ಲಿ ಮಲಗುವ ಗಾಡಿಗಳನ್ನು ಪ್ರಸಿದ್ಧಿಗೆ ತಂದವನು ಜಾರ್ಜ್ ಪುಲ್‌ಮನ್. 1867ರಲ್ಲಿ ಸ್ಥಾಪಿತವಾದ ಅವನ ಕಂಪೆನಿಯು ಗಾಡಿಗಳನ್ನು ತಾನೇ ಕಟ್ಟಿ ನಡೆಸುತ್ತಿದ್ದಿತು. ರೈಲ್ವೆಗಳು ಅವನ್ನು ಎಳೆದೊಯ್ಯುತ್ತಿದ್ದುವು. ಪ್ರಯಾಣಿಕನು ರೈಲ್ವೆಯ ಟಿಕೆಟ್ಟಿಗೆ ಹಣ ಕೊಡುವುದಲ್ಲದೆ, ಹಾಸಿಗೆಗಾಗಿ ಪುಲ್‌ಮನ್ ಕಂಪೆನಿಗೆ ಬೇರೆಯಾಗಿ ತೆರಬೇಕಾಗಿದ್ದಿತು. ಹಗಲು ಎದುರುಬದುರಾಗಿದ್ದ ಆಸನಗಳೆರಡು ರಾತ್ರಿ ಕೂಡಿಕೊಂಡು ಕೆಳಗಣ ಹಾಸಿಗೆಯಾಗುತ್ತಿದ್ದುವು. ಚಾವಣಿಯ ಬಳಿ ಮಡಿಸಿಟ್ಟಿದ್ದ ಹಲಗೆಯನ್ನು ಇಳಿಸಿದರೆ ಮೇಲಣ ಹಾಸಿಗೆ. ಕೆಳಗಿನವನಿಗೆ ಕಿಟಕಿಯುಂಟು, ಮೇಲಿನವನಿಗೆ ಏಣಿಯುಂಟು. ಆದರೂ ಬೆಲೆ ಎರಡಕ್ಕೂ ಒಂದೇ.

1906ರ ಹೆಪ್‌ಬರ್ನ್ ಶಾಸನವು ಈ ಕಂಪೆನಿಗಳನ್ನು ಅಂತರಸಂಸ್ಥಾನ ವಾಣಿಜ್ಯ ಮಂಡಲಿಯ ಅಧೀನಕ್ಕೆ ತಂದಿತು. ಸೇಂಟ್ ಪಾಲ್ ನಗರದ ಜಾರ್ಜ್ ಲಾಫ್ಟಸ್ ಎಂಬಾತನು ಮಂಡಲಿಗೆ ದೂರಿತ್ತನು. ಅನುಕೂಲ ಕಡಮೆಯಾದ ಮೇಲಣ ಹಾಸಿಗೆಗೆ ಸಮನಾದ ದರವು ಯುಕ್ತವಲ್ಲವೆಂದು 1910ರಲ್ಲಿ ತೀರ್ಮಾನವಾಯಿತು. ಬಳಿಕ ಅದರ ದರವು ಕೆಳಗಣ ಹಾಸಿಗೆಯ ದರದಲ್ಲಿ ನೂರಕ್ಕೆ 80ರಷ್ಟಕ್ಕೆ ಇಳಿಯಿತು.

ಇನ್ನು ಯಾರೂ ಕೊಳ್ಳದ ಮೇಲಣ ಹಾಸಿಗೆಯ ಗತಿಯೇನು? ಧಾನ್ಯವನ್ನು ಕಣಜದಲ್ಲಿ ಕೂಡಿಡಬಹುದು; ಇಂದಿನ ರಾತ್ರಿ ಮಾರದ ಹಾಸಿಗೆಯನ್ನು ನಾಳೆಗೆ ಕೂಡಿಡಲಾಗದು. ದಾರಿಯಲ್ಲಿ ಯಾರಾದರೂ ಹತ್ತಿಯಾರು; ಆದುದರಿಂದ ಅದನ್ನು ಇಳಿಸಿಡುವುದು ಒಡೆಯನಿಗೆ ಲಾಭ. ಆದರೆ ಕೆಳಗೆ ಮಲಗಿದವನಿಗೆ ತಲೆಯೆತ್ತಲೂ ಎಡೆಯಿಲ್ಲ. ಬರಿದಾದ ಹಾಸಿಗೆಯನ್ನು ಮುಚ್ಚಿಡಬೇಕೆ ಬೇಡವೆ ಎಂಬುದನ್ನು ಕೆಳಗಿನ ಪ್ರಯಾಣಿಕನೇ ನಿರ್ಧರಿಸಲೆಂದು ವಿಸ್ಕಾನ್ಸಿನ್ ಸಂಸ್ಥಾನವು 1911ರಲ್ಲಿ ಶಾಸನಮಾಡಿತು. 1915ರಲ್ಲಿ ಸುಪ್ರೀಂ ಕೋರ್ಟು ಆ ಶಾಸನವನ್ನು ತಳ್ಳಿಹಾಕಿತು. ಕೆಳಗಿನವನು ಬೆಲೆಕೊಟ್ಟುದು ತನ್ನ ಹಾಸಿಗೆಗೆ ಮಾತ್ರ; ಮೇಲಣ ಅವಕಾಶವು ಮಾರಾಟದ ಸ್ವತ್ತು, ಪರಿಹಾರವಿಲ್ಲದೆ ಅದನ್ನು ಕಸಿಯಲಾಗದು ಎಂದು ಅದು ಹೇಳಿತು.

ಈ ವ್ಯಾಜ್ಯಗಳಲ್ಲಿ ಒಬ್ಬನ ದನಿ ಮಾತ್ರ ಕೇಳಬರಲಿಲ್ಲ. ಹಾಸಿಗೆಯನ್ನು ಬಿಚ್ಚಿ ಮಡಿಸಿ, ಪ್ರಯಾಣಿಕರ ಪಾದರಕ್ಷೆಗೆ ಹೊಳಪು ಕೊಡುತ್ತಿದ್ದ ಪರಿಚಾರಕರು ಬಹುಮಟ್ಟಿಗೆ ನೀಗ್ರೋ ಜನಾಂಗದವರು. ಅವರ ಸಂಬಳ ಸ್ವಲ್ಪ. ಬದುಕು ಪ್ರಯಾಣಿಕರು ಕೊಡುವ ಇನಾಮಿನ ಮೇಲೆ ನಿಂತಿದ್ದಿತು. ಎಂದರೆ ಹಾಸಿಗೆಯ ಬೆಲೆಯಲ್ಲಿ ಸೇವಕನ ಕೂಲಿಯು ಪೂರ್ಣವಾಗಿ ಸೇರಿರಲಿಲ್ಲ. 1925ರಲ್ಲಿ ಎ. ಫಿಲಿಪ್ ರ್‍ಯಾಂಡಾಲ್ಫರ ನಾಯಕತ್ವದಲ್ಲಿ ಅವರ ಸಂಘ ಹುಟ್ಟಿತು. ಕಂಪೆನಿಯು ಅದರೊಡನೆ ಒಪ್ಪಂದಕ್ಕೆ ಬಂದುದು 1937ರಲ್ಲಿ. 1968ರ ಕೊನೆಗೆ ಕಂಪೆನಿಯ ಶಯನ ಗಾಡಿಗಳ ವ್ಯವಹಾರವೇ ನಿಂತಿತು.

1910ರಲ್ಲಿ ಪ್ರಯಾಣಿಕನ ಮಾತು ನಡೆಯಿತು, 1915ರಲ್ಲಿ ಒಡೆಯನದು, 1937ರಲ್ಲಿ ದುಡಿಯುವವನದು. ಹಲಗೆ, ಹಾಸು, ಹೊದಿಕೆಗಳು ಬೆಲೆಯ ಒಂದಂಶವೇ ಹೊರತು ಸರ್ವಸ್ವವಲ್ಲ. ಯಾರ ಅಹವಾಲನ್ನು ಕೇಳಲಾಯಿತೆಂಬುದೂ ಅದರಲ್ಲಿ ಅಡಗಿರುತ್ತದೆ. ನಮ್ಮ ದೇಶದ ರೈಲುಗಳಲ್ಲಿ ಮೇಲಣ, ಕೆಳಗಣ ಹಾಸಿಗೆಗಳಿಗೆ ಇಂದು ದರ ಒಂದೇ. ಆದರೆ ಕೆಳಗಣ ಕೆಲವನ್ನು ವೃದ್ಧರಿಗೂ ಗರ್ಭಿಣಿಯರಿಗೂ ಕಾದಿರಿಸಲಾಗುತ್ತದೆ. ಹಣವು ಅಳೆಯಲಾರದುದನ್ನು ಅಗತ್ಯವು ಅಳೆಯುವ ಕ್ರಮವಿದು. ಇದರಲ್ಲಿ ಯಾರ ಅಹವಾಲು ಇನ್ನೂ ಉಳಿದಿದೆಯೆಂಬುದನ್ನು ಪ್ರಯಾಣಮಾಡುವ ಶ್ರೋತೃಗಳೇ ವಿಚಾರಿಸಬೇಕು.